ಒಂದೇ ಕೋಡ್, ಮೂರು ಸರ್ವರ್: ಸೆಟ್ಟಿಂಗ್ ಗೊಂದಲ ಬೆಳೆದ ಬಗೆ

ಮಂಗಳೂರಿನ ಕೊಟ್ಟಾರವಿರಲಿ, ಮಣಿಪಾಲವಿರಲಿ, ವೆಬ್ ಟೀಮಿಗೆ ಹೊಸದಾಗಿ ಸೇರಿದವರು ಬೇಗನೆ ಕೇಳುವ ಪ್ರಶ್ನೆ: ‘ಡಾಟ್ ಎನ್ವ್ ಫೈಲ್ ಯಾರ ಹತ್ತಿರ ಇದೆ?’ ಯಾರೋ ವಾಟ್ಸಾಪಿನಲ್ಲಿ ಕಳಿಸುತ್ತಾರೆ. ಅದು ಸೈಟಿನ ಸೆಟ್ಟಿಂಗ್ ಬರೆದಿಡುವ ಫೈಲ್. ಡೇಟಾಬೇಸ್ ಪಾಸ್‌ವರ್ಡ್, ಪೇಮೆಂಟ್ ಕೀ ಎಲ್ಲ ಅದರಲ್ಲೇ. ಇಲ್ಲಿಗೆ ಬಂದದ್ದು ಹೇಗೆ?

ಎನ್ವಿರಾನ್‌ಮೆಂಟ್ ವೇರಿಯಬಲ್, ಅಂದರೆ ಕೋಡಿನ ಹೊರಗೆ ಕಂಪ್ಯೂಟರಿನಲ್ಲೇ ಹೆಸರು ಕೊಟ್ಟು ಇಡುವ ಸೆಟ್ಟಿಂಗ್, ಹೊಸದಲ್ಲ. 1979ರ ಯುನಿಕ್ಸ್ ಆಪರೇಟಿಂಗ್ ಸಿಸ್ಟಂನ ಏಳನೇ ಆವೃತ್ತಿಯಲ್ಲೇ ಇತ್ತು. ವೆಬ್ ಬಂದಾಗ ಮಾತ್ರ ಪಾಸ್‌ವರ್ಡ್ ನೇರ ಕೋಡಿಗೇ ಹೋಯಿತು.

2002ರಲ್ಲಿ ಎಎಸ್‌ಪಿ ಡಾಟ್ ನೆಟ್ (ವೆಬ್‌ಸೈಟ್ ಕಟ್ಟಲು ಮೈಕ್ರೋಸಾಫ್ಟ್ ಕೊಟ್ಟ ಚೌಕಟ್ಟು) ಜೊತೆ ವೆಬ್ ಡಾಟ್ ಕಾನ್ಫಿಗ್ ಎಂಬ ಸೆಟ್ಟಿಂಗ್ ಫೈಲ್ ಬಂತು. ಕಂಪೈಲ್ ಮಾಡದೆಯೇ ಸೆಟ್ಟಿಂಗ್ ಬದಲಿಸಬಹುದು. ಒಳ್ಳೆಯದೇ. ಆದರೆ ಫೈಲ್ ಒಂದು, ಸರ್ವರ್ ಮೂರು: ಡೆವಲಪ್‌ಮೆಂಟ್, ಟೆಸ್ಟ್, ಲೈವ್. ಕೋಡ್ ಬರೆಯುವ ಸಾಫ್ಟ್‌ವೇರ್ ವಿಷುಯಲ್ ಸ್ಟುಡಿಯೋ 2010 ಇದಕ್ಕೆ ಟ್ರಾನ್ಸ್‌ಫಾರ್ಮ್ ಕೊಟ್ಟಿತು. ಮೂಲ ಫೈಲಿನ ಯಾವ ಸಾಲು ಬದಲಾಗಬೇಕು ಎಂದು ಇನ್ನೊಂದು ಫೈಲಿನಲ್ಲಿ ಬರೆಯುವುದು. ಈ ಬದಲಾವಣೆ ಆಗುವುದು ಪಬ್ಲಿಷ್ ಮಾಡುವಾಗ, ಅಂದರೆ ಸರ್ವರಿಗೆ ಕಳಿಸಲು ಪ್ಯಾಕೇಜ್ ಕಟ್ಟುವಾಗ. ನಮ್ಮ ಮೇಜಿನ ಮೇಲೆ ಎಫ್5 ಒತ್ತಿ ಓಡಿಸಿ ನೋಡುವಾಗ ಅಲ್ಲ. ಕೀ ಹೆಸರು ತಪ್ಪಿದರೆ ಬಿಲ್ಡ್ ನಿಲ್ಲುವುದೂ ಇಲ್ಲ, ಎಚ್ಚರಿಕೆಯ ಸಾಲೊಂದು ಬರುತ್ತದೆ ಅಷ್ಟೇ. ಅದಕ್ಕಿಂತ ದೊಡ್ಡ ತೊಂದರೆ, ಪ್ರತಿ ಸರ್ವರಿಗೂ ಬೇರೆ ಪ್ಯಾಕೇಜ್. ಟೆಸ್ಟ್ ಮಾಡಿದ್ದು ಒಂದು, ಲೈವ್‌ಗೆ ಹೋಗಿದ್ದು ಇನ್ನೊಂದು. ಹಾಗಾದರೆ ಟೆಸ್ಟ್ ಮಾಡಿದ್ದಕ್ಕೆ ಬೆಲೆ ಎಷ್ಟು?

2011ರಲ್ಲಿ ಕ್ಲೌಡ್ ಕಂಪನಿ ಹೆರೋಕು ಬಳಗದವರು ‘ಟ್ವೆಲ್ವ್ ಫ್ಯಾಕ್ಟರ್’ ನಿಯಮ ಬರೆದರು. ಸೆಟ್ಟಿಂಗ್ ಕೋಡಿನಲ್ಲಿ ಬೇಡ, ಸರ್ವರಿನ ವೇರಿಯಬಲ್‌ನಲ್ಲಿ ಇರಲಿ. ಪರೀಕ್ಷೆಯೂ ಸರಳ: ಈ ಕ್ಷಣ ಕೋಡನ್ನು ಎಲ್ಲರಿಗೂ ತೆರೆದಿಟ್ಟರೆ ಒಂದು ಪಾಸ್‌ವರ್ಡೂ ಹೊರಬೀಳಬಾರದು. ಇಷ್ಟು ಸ್ಪಷ್ಟವಾದ ಮಾತು ಈ ವಿಷಯದಲ್ಲಿ ಅಪರೂಪ. ಆದರೆ ಲ್ಯಾಪ್‌ಟಾಪಿನಲ್ಲಿ ಅಷ್ಟೊಂದು ವೇರಿಯಬಲ್ ತುಂಬುವುದು ಕಷ್ಟ. ಅದಕ್ಕೆ ಡಾಟ್ ಎನ್ವ್ ಬಂತು, ರಹಸ್ಯಗಳು ಮತ್ತೆ ಫೈಲಿಗೇ ಸೇರಿದವು. ಆ ಫೈಲ್ ತಪ್ಪಿ, ಕೋಡಿನ ಪ್ರತಿ ಬದಲಾವಣೆಯನ್ನೂ (ಕಮಿಟ್) ಉಳಿಸಿಡುವ ಗಿಟ್‌ಗೆ ಹೋದರೆ ಡಿಲೀಟ್ ಮಾಡಿದರೂ ಹಳೆ ಕಮಿಟ್‌ನಲ್ಲಿ ಉಳಿದಿರುತ್ತದೆ. ಕೀ ಬದಲಿಸಲೇಬೇಕು.

2016ರ ಎಎಸ್‌ಪಿ ಡಾಟ್ ನೆಟ್ ಕೋರ್ ಪದರಗಳನ್ನು ತಂದಿತು: ಮೂಲ ಸೆಟ್ಟಿಂಗ್ ಇರುವ ಜೇಸನ್ ಫೈಲ್, ಮೇಲೆ ಆಯಾ ಸರ್ವರಿನ ಫೈಲ್, ಅದರ ಮೇಲೆ ವೇರಿಯಬಲ್. ಕೊನೆಗೆ ಓದಿದ್ದೇ ಗೆಲ್ಲುತ್ತದೆ. ಪ್ಯಾಕೇಜ್ ಮಾತ್ರ ಒಂದೇ ಸಾಕು. ಆದರೆ ಸರ್ವರಿನ ಫೈಲ್ ಸಿಗದಿದ್ದರೆ ಆ್ಯಪ್ ಸುಮ್ನೆ ಮುಂದೆ ಹೋಗುತ್ತದೆ. ಲಿನಕ್ಸ್‌ನಲ್ಲಿ ಆ ಫೈಲ್ ಹೆಸರಿನ ದೊಡ್ಡಕ್ಷರ, ಸಣ್ಣಕ್ಷರ ತಪ್ಪಿದರೂ ಇದೇ ಕಥೆ.

ಉಡುಪಿಯ ಹೋಟೆಲೊಂದರ ಬುಕಿಂಗ್ ಸೈಟ್ ಊಹಿಸಿ. ಮೂಲ ಫೈಲಿನಲ್ಲಿ ಲೈವ್ ಎಸ್ಎಂಎಸ್ ಕೀ ಇದ್ದು ಟೆಸ್ಟ್ ಫೈಲ್ ಸಿಗದಿದ್ದರೆ, ಪರೀಕ್ಷೆಯ ಮೆಸೇಜ್ ನಿಜವಾದ ಗಿರಾಕಿಗಳಿಗೇ ಹೋಗಬಹುದು, ಅಲ್ವಾ? ಹಾಗಾಗಿ ಮೂಲ ಫೈಲಿನಲ್ಲಿ ಕೀ ಜಾಗ ಖಾಲಿ ಇರಬೇಕು, ಖಾಲಿ ಇದ್ದರೆ ಆ್ಯಪ್ ಶುರುವೇ ಆಗಬಾರದು. 2021ರ ಡಾಟ್ ನೆಟ್ 6ರಲ್ಲಿ ಈ ತಪಾಸಣೆಗೆ ‘ವ್ಯಾಲಿಡೇಟ್ ಆನ್ ಸ್ಟಾರ್ಟ್’ ಇದೆ. ಹಳೆ ಪ್ರಾಜೆಕ್ಟ್‌ಗಳಲ್ಲಿ ಅದೇ ಕೆಲಸಕ್ಕೆ ಶುರುವಿನಲ್ಲಿ ನಾಲ್ಕಾರು ಸಾಲು ಕೋಡ್ ಸಾಕು.