'ಲಗ್ನ ಮಾಡಿದ್ರ ಆರಾಮ ಆಗ್ತಾನೇನ್ರಿ?'

ತೊಗರಿ ರಾಶಿ ಮುಗಿದು ಕೈಗೆ ನಾಲ್ಕು ಕಾಸು ಬಂತೆಂದರೆ ಕಲಬುರಗಿಯ ನನ್ನ ಮನೋರೋಗ ಕ್ಲಿನಿಕ್‌ಗೆ ಈ ಪ್ರಶ್ನೆ ಬಂತು ಅಂತಲೇ ಲೆಕ್ಕ. ಆಳಂದದವರಿರಲಿ, ಜೇವರ್ಗಿಯವರಿರಲಿ, ಮಗನನ್ನು ಹೊರಗೆ ಕೂರಿಸಿ ತಾವಷ್ಟೇ ಒಳಗೆ ಬಂದು, ದನಿ ತಗ್ಗಿಸಿ ಕೇಳುತ್ತಾರೆ: 'ಸಾಹೇಬ್ರ, ಲಗ್ನ ಮಾಡಿದ್ರ ಆರಾಮ ಆಗ್ತಾನೇನ್ರಿ?'

ಆಗಲ್ಲ. 20 ವರ್ಷದಿಂದ ಇದನ್ನೇ ಹೇಳುತ್ತಿದ್ದೇನೆ.

ಬೈಯೋಣ ಅಂದ್ರೆ ತಪ್ಪು ಅವರೊಬ್ಬರದೇ ಅಲ್ಲ. ಪ್ರೇಮದ ಸಿನಿಮಾಗಳು ಕಲಿಸಿದ್ದೂ ಇದನ್ನೇ ಅಲ್ವಾ? ಹುಡುಗ ಗಡ್ಡ ಬಿಟ್ಟು ಮೂಲೆ ಹಿಡಿದಿರುತ್ತಾನೆ, ಹುಡುಗಿ ಬರುತ್ತಾಳೆ, ಒಂದು ಹಾಡು ಮುಗಿಯುವಷ್ಟರಲ್ಲಿ ಗಡ್ಡವೂ ಹೋಯ್ತು, ಕಾಯಿಲೆಯೂ ಹೋಯ್ತು. ಮನಸ್ಸಿನ ಏರಿಳಿತಕ್ಕೆ ಕೊಡುವ ಲಿಥಿಯಂ ಗುಳಿಗೆ ರಕ್ತದಲ್ಲಿ ಎಷ್ಟಿದೆ ಅಂತ ನೋಡಿಸಲು ಲ್ಯಾಬ್ ಮುಂದೆ ಪಾಳಿ ಹಚ್ಚಿ ನಿಂತ ಹೀರೋನನ್ನು ನಾನಂತೂ ಕಂಡಿಲ್ಲ. ನಮ್ಮೂರ ಬಿಸಿಲಲ್ಲಿ ಬೆವರು ಹರಿಸಿ ನೀರು ಸಾಕಷ್ಟು ಕುಡಿಯದಿದ್ದರೆ ಅದೇ ಲಿಥಿಯಂ ರಕ್ತದಲ್ಲಿ ಏರಿ ವಿಷವಾಗಬಹುದು. ಇದಕ್ಕೆ ಹಾಡು ಕಟ್ಟೋದು ಕಷ್ಟ, ಒಪ್ಪುತ್ತೇನೆ.

'ಶರಪಂಜರ' ಮಾತ್ರ ಬೇರೆ. ಅದರಲ್ಲಿ ಕಲ್ಪನಾ ಮಾಡಿದ ಕಾವೇರಿ ಆಸ್ಪತ್ರೆಯಿಂದ ವಾಸಿಯಾಗಿಯೇ ಮನೆಗೆ ಬರುತ್ತಾಳೆ. ಅವಳನ್ನು ಮತ್ತೆ ಕೆಡಿಸುವುದು ಸುತ್ತಲಿನವರು.

ಚಿತ್ತಾಪುರ ಕಡೆಯ ಒಬ್ಬ ಹುಡುಗ (ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ). ಬೈಪೋಲಾರ್, ಅಂದ್ರೆ ಮನಸ್ಸು ಒಮ್ಮೆ ವಿಪರೀತ ಉಬ್ಬಿ ಒಮ್ಮೆ ಕುಸಿಯುವ ಕಾಯಿಲೆ. ಎರಡು ವರ್ಷ ಆರಾಮಾಗಿದ್ದ. ಮದುವೆ ಎಂಟು ದಿನ ಇದೆ ಅನ್ನುವಾಗ ಅವನ ಅವ್ವ, ಬೀಗರ ಕಣ್ಣಿಗೆ ಬೀಳಬಾರದು ಅಂತ, ಗುಳಿಗೆಗಳನ್ನೆಲ್ಲ ಜೋಳದ ಡಬ್ಬಿಯೊಳಗೆ ಹುಗಿದಿಟ್ಟರು. ಮೇಲೆ ಅರಿಶಿನ, ಮೆರವಣಿಗೆ, ಡಿಜೆ, ಮೂರು ರಾತ್ರಿ ನಿದ್ದೆಯಿಲ್ಲ. ಈ ಕಾಯಿಲೆಯಲ್ಲಿ ಎಷ್ಟೋ ಸಲ ನಿದ್ದೆ ಕೆಟ್ಟರೇ ಸಾಕು. ವಾರದೊಳಗೆ ಹೊಸ ಬೈಕ್ ಮಾರಿ ಕಂಡಕಂಡವರಿಗೆ ದುಡ್ಡು ಹಂಚುತ್ತಿದ್ದ. ಗಾಣಗಾಪುರಕ್ಕೂ ಕರೆದೊಯ್ದರು. ಹೋಗಲಿ, ನನ್ನದೇನೂ ತಕರಾರಿಲ್ಲ, ದತ್ತನಿಗೆ ಕೈ ಮುಗಿಯಲು ಗುಳಿಗೆ ಬಿಡಬೇಕಾಗಿಲ್ಲ ಅಷ್ಟೇ.

'ಆರಾಮ ಆಗಿದ್ನಲ್ರಿ, ಮತ್ಯಾಕ ಗುಳಿಗಿ?' ಇದು ಅವ್ವನ ವಾದ. ಅವನು ಆರಾಮಾಗಿದ್ದದ್ದೇ ಗುಳಿಗೆಯಿಂದ. ಮಳೆ ನಿಂತಿದೆ ಅಂತ ಹೊಲದ ಒಡ್ಡು ಕಿತ್ತು ಹಾಕ್ತೀರೇನು? ಹಾಕಲ್ಲ. ಮುಂದಿನ ಮಳೆಗೆ ಅದು ಬೇಕು. ಎಲ್ಲರಿಗೂ ಜೀವನಪರ್ಯಂತ ಬೇಕು ಅಂತ ಹೇಳುತ್ತಿಲ್ಲ. ಕೆಲವರಿಗೆ ಕಡಿಮೆ ಮಾಡುತ್ತೇವೆ, ಕೆಲವರಿಗೆ ನಿಲ್ಲಿಸುತ್ತೇವೆ, ಕಾಯಿಲೆ ಯಾವುದು ಅನ್ನೋದರ ಮೇಲೆ ಹೋಗುತ್ತದೆ. ಆದರೆ ಅದನ್ನು ಮದುವೆಯ ಮುಹೂರ್ತ ನೋಡಿ ಮಾಡೋದಲ್ಲ. ಕ್ಲಿನಿಕ್‌ಗೆ ಬರಲು ನಾಚಿಕೆಯಾದರೆ ಮೊದಲು 14416ಕ್ಕೆ ಫೋನ್ ಹಚ್ಚಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ.

ಮದುವೆಯೇ ಬೇಡ ಅಂತಲೂ ಅಲ್ಲ. ಚಿಕಿತ್ಸೆಯಲ್ಲಿದ್ದವರ ಎಷ್ಟೋ ಲಗ್ನಗಳಲ್ಲಿ ಹುಗ್ಗಿ ಉಂಡು ಬಂದಿದ್ದೇನೆ, ಸಂಸಾರ ಚೆನ್ನಾಗೇ ನಡೆದಿವೆ.

ಆ ಹುಡುಗ ತಿಂಗಳೊಪ್ಪತ್ತಿನಲ್ಲಿ ಸುಧಾರಿಸಿದ. ಮುಂದಿನ ಸಲ ಸೊಸೆ, ಅತ್ತೆ ಇಬ್ಬರೂ ಬಂದರು. ಸೊಸೆಯ ಕೈಯಲ್ಲಿ ಗುಳಿಗೆಯ ಚೀಟಿ. ಯಾವುದು ಬೆಳಿಗ್ಗೆ, ಯಾವುದು ರಾತ್ರಿ ಅಂತ ಕೇಳಿಕೊಂಡು, ಪೆನ್ನು ಇಸಿದುಕೊಂಡು ಗುರುತು ಹಾಕಿದಳು. ಆಮೇಲೆ ಅತ್ತೆಯ ಕಡೆ ನೋಡದೆ ಹೇಳಿದಳು: 'ಮೊದಲ ಹೇಳಿದ್ರ ನಾ ಬ್ಯಾಡ ಅಂತಿದ್ನೋ ಏನೋ, ಗೊತ್ತಿಲ್ರಿ. ಆದ್ರ ನನ್ನ ಒಂದ್ ಮಾತು ಕೇಳಬೇಕಿತ್ತಲ್ರಿ.'

ಅತ್ತೆ ಸೆರಗಿನ ತುದಿ ಸುತ್ತುತ್ತಾ ಕೂತಿದ್ದರು. ನಾನು ರಕ್ತ ಪರೀಕ್ಷೆಯ ಚೀಟಿ ಬರೆದುಕೊಟ್ಟೆ.