ಹುಬ್ಬಳ್ಳಿ ಹತ್ತಿರದ ಮಳೆಕಾಡು ಯಾವುದು? ದಾಂಡೇಲಿಗೇ ನಿಲ್ಲಬೇಡಿ

ಪ್ರಶ್ನೆ: ನಾವು ಹುಬ್ಬಳ್ಳಿಯವರು. ಮಕ್ಕಳಿಗೆ ನಿಜವಾದ ಮಳೆಕಾಡು ತೋರಿಸಬೇಕು ಅಂತ ಆಸೆ. ಎರಡು ದಿನ ರಜೆ ಸಿಗುತ್ತೆ. ಹತ್ತಿರದಲ್ಲಿ ಯಾವ ರಾಷ್ಟ್ರೀಯ ಉದ್ಯಾನಕ್ಕೆ ಹೋಗೋದು ಒಳ್ಳೇದು?

ಅಣಶಿಗೆ ಹೋಗಿ.

ಕರ್ನಾಟಕದಲ್ಲಿರುವುದು ಐದು ರಾಷ್ಟ್ರೀಯ ಉದ್ಯಾನಗಳು. ಬಂಡೀಪುರ, ನಾಗರಹೊಳೆ, ಬನ್ನೇರುಘಟ್ಟಗಳಲ್ಲಿ ನೀವು ಕೇಳುವಂಥ ಮಳೆಕಾಡು ಇಲ್ಲ. ಉಳಿದದ್ದು ಕುದುರೆಮುಖ ಮತ್ತು ಅಣಶಿ. ಕುದುರೆಮುಖ ಚೆಂದವೇ, ಆದರೆ ಹುಬ್ಬಳ್ಳಿಯಿಂದ ದೂರ. ನಿಮ್ಮ ಎರಡು ದಿನ ರಸ್ತೆಯಲ್ಲೇ ಕಳೆದುಹೋಗುತ್ತದೆ.

ಅಣಶಿ ಇರುವುದು ಉತ್ತರ ಕನ್ನಡದ ಜೋಯಿಡಾ ತಾಲೂಕಿನಲ್ಲಿ. ಅದು ರಾಷ್ಟ್ರೀಯ ಉದ್ಯಾನವಾದದ್ದು 1987ರಲ್ಲಿ. 2007ರಲ್ಲಿ ದಾಂಡೇಲಿ ಅಭಯಾರಣ್ಯವನ್ನೂ ಸೇರಿಸಿ ಹುಲಿ ಸಂರಕ್ಷಿತ ಪ್ರದೇಶ ಮಾಡಿದರು. 2015ರಿಂದ ಅದಕ್ಕೆ ಕಾಳಿ ನದಿಯ ಹೆಸರು. ಹೆಸರುಗಳು ಹೀಗೆ ಸೇರಿಕೊಂಡಿರುವುದರಿಂದ ಬಹಳ ಜನ ದಾಂಡೇಲಿ ನೋಡಿ, ಅಣಶಿಯನ್ನೂ ನೋಡಿದೆವು ಅಂದುಕೊಂಡು ವಾಪಸ್ ಬರುತ್ತಾರೆ. ಎರಡೂ ಬೇರೆ ಬೇರೆ ಥರದ ಕಾಡು.

ನಾನೂ ಒಮ್ಮೆ ಈ ತಪ್ಪು ಮಾಡಿದ್ದೇನೆ. ಮಾರ್ಚ್‌ನಲ್ಲಿ ಅಕ್ಕನ ಮಕ್ಕಳನ್ನು ದಾಂಡೇಲಿ ಕಡೆ ಕರೆದುಕೊಂಡು ಹೋಗಿದ್ದೆ. ಹಳಿಯಾಳ ದಾಟಿದರೆ ಸಾಗವಾನಿ, ಮತ್ತಿ, ಬಿದಿರು. ಊಟದ ಎಲೆಯಷ್ಟು ದೊಡ್ಡ ಸಾಗವಾನಿ ಎಲೆಗಳು ಒಣಗಿ ಕೆಳಗೆ ಬಿದ್ದಿದ್ದವು, ಕಾಲಿಟ್ಟರೆ ಹಪ್ಪಳ ಮುರಿದ ಸದ್ದು. "ಮಾಮಾ, ಇದೇನು ಮಳೆಕಾಡು, ನಮ್ಮೂರಿನ ಹಂಗ ಒಣಗೇತಲ್ಲ" ಅಂತ ಚಿಕ್ಕವಳು ಕೇಳಿದಳು. ಅವಳು ಹೇಳಿದ್ದು ಸರಿ. ಬೇಸಿಗೆಯಲ್ಲಿ ಎಲೆ ಉದುರಿಸುವ ಕಾಡು ಅದು.

ಮರುದಿನ ಗಣೇಶಗುಡಿ, ಜೋಯಿಡಾ, ಕುಂಬಾರವಾಡ ದಾಟಿ ಅಣಶಿಗೆ ಹೋದೆವು. ಅದೇ ಮಾರ್ಚ್, ಆದರೆ ಮರಗಳ ಮೈತುಂಬ ಎಲೆ. ಮಧ್ಯಾಹ್ನ ಹನ್ನೆರಡಕ್ಕೂ ನೆಲದ ಮೇಲೆ ಅಲ್ಲೊಂದು ಇಲ್ಲೊಂದು ಬಿಸಿಲಿನ ಚುಕ್ಕೆ. ಒಂದು ಮರದ ಬುಡದಲ್ಲಿ ಬೇರುಗಳು ಗೋಡೆಯ ಹಾಗೆ ಎದ್ದು ನಿಂತಿದ್ದವು. ಮಕ್ಕಳಿಬ್ಬರೂ ಆ ಸಂದಿಯೊಳಗೆ ನಿಂತರೆ ನನಗೆ ಕಾಣಿಸಲೇ ಇಲ್ಲ. ತೊಗಟೆ ಮುಟ್ಟಿದರೆ ತಂಪು, ಮೇಲೆಲ್ಲ ಪಾಚಿ.

ಇಷ್ಟು ವ್ಯತ್ಯಾಸ ಬರುವುದು ಮಳೆಯಿಂದ. ಧಾರವಾಡದಲ್ಲಿ ವರ್ಷಕ್ಕೆ ಸುಮಾರು 800 ಮಿ.ಮೀ. ಮಳೆ. ಘಟ್ಟದ ಅಂಚಿನ ಕ್ಯಾಸಲ್‌ರಾಕ್ ಸುತ್ತಮುತ್ತ 5000 ಮಿ.ಮೀ. ದಾಟುತ್ತದೆ. ಸಮುದ್ರದ ಮೋಡ ಘಟ್ಟ ಹತ್ತುವಾಗಲೇ ಸುರಿದುಬಿಡುತ್ತದೆ, ನಮ್ಮ ಕಡೆ ಬರುವುದು ಉಳಿದಿದ್ದು. ಹಾಗಾಗಿ ಅಭಯಾರಣ್ಯವೋ ರಾಷ್ಟ್ರೀಯ ಉದ್ಯಾನವೋ ಅಂತ ಬೋರ್ಡ್ ನೋಡುವುದಕ್ಕಿಂತ, ಘಟ್ಟದ ಅಂಚಿಗೆ ಎಷ್ಟು ಹತ್ತಿರ ಅಂತ ನೋಡಿ. ಉಳವಿ ಚನ್ನಬಸವಣ್ಣನ ಜಾತ್ರೆಗೆ ಚಕ್ಕಡಿ ಕಟ್ಟಿಕೊಂಡು ಹೋಗಿಬಂದ ಹಿರಿಯರು ನಿಮ್ಮ ಮನೆಯಲ್ಲಿದ್ದರೆ ಕೇಳಿ. ಕಾಡು ಎಲ್ಲಿ ಕಪ್ಪಾಗುತ್ತದೆ ಅಂತ ಅವರಿಗೆ ಚೆನ್ನಾಗಿ ಗೊತ್ತು.

ದಾಂಡೇಲಿ ಬೇಡವೇ ಬೇಡ ಅಂತಲ್ಲ. ಹೋಗುವ ದಾರಿಯಲ್ಲೇ ಇದೆ, ಹುಬ್ಬಳ್ಳಿಯಿಂದ ಸುಮಾರು 75 ಕಿ.ಮೀ. ಅಲ್ಲಿ ಒಂದು ರಾತ್ರಿ ಉಳಿದು, ಬೆಳಿಗ್ಗೆ ಟಿಂಬರ್ ಡಿಪೋ ಕಡೆ ಮಂಗಟ್ಟೆ ಹಕ್ಕಿ ನೋಡಿ. ಮೊಟ್ಟೆಯಿಡುವ ಕಾಲದಲ್ಲಿ ಹೆಣ್ಣು ಮರದ ಪೊಟರೆಯೊಳಗೆ ಕೂತು ಪೊಟರೆಯ ಬಾಯನ್ನು ಮುಚ್ಚಿಕೊಳ್ಳುತ್ತದೆ, ಒಂದು ಸಣ್ಣ ಸೀಳು ಮಾತ್ರ ಬಿಡುತ್ತದೆ. ಗಂಡು ಹಣ್ಣು ತಂದು ಆ ಸೀಳಿನಲ್ಲಿ ಕೊಡಬೇಕು. ಹುಲಿ ಕಾಣಬಹುದು ಅಂತ ಮಕ್ಕಳಿಗೆ ಆಸೆ ಹುಟ್ಟಿಸಬೇಡಿ. ಇಂಥ ದಟ್ಟ ಕಾಡಿನಲ್ಲಿ ಅದು ಕಾಣುವುದು ಬಹಳ ಅಪರೂಪ. ಮಂಗಟ್ಟೆ, ಕೆಂದಳಿಲು ತೋರಿಸಿ.

ಗೋವಾದ ಮೊಲ್ಲೆಂ ರಾಷ್ಟ್ರೀಯ ಉದ್ಯಾನವೂ ಇದೇ ಘಟ್ಟದ ಕಾಡು. ಲೋಂಡಾ, ಕ್ಯಾಸಲ್‌ರಾಕ್ ಮೇಲೆ ಹೋಗುವ ರೈಲಿನ ಕಿಟಕಿಯಿಂದ ದೂಧಸಾಗರ ಕಾಣುತ್ತದೆ. ಆದರೆ ಹಳಿ ಮೇಲೆ ನಡೆದು ಹೋಗಲೇಬೇಡಿ. ಅದಕ್ಕೆ ಅನುಮತಿ ಇಲ್ಲ, ಜೀವಕ್ಕೂ ಅಪಾಯ.

ಹಾವೇರಿಯವರಿಗೆ ಮಾತ್ರ ನನ್ನ ಉತ್ತರ ಬೇರೆ. ನೀವು ಶಿರಸಿ ದಾಟಿ ಸಿದ್ದಾಪುರದ ಕತ್ತಲೆಕಾನಿನ ಕಡೆ ಹೋಗಿ. ಅದು ರಾಷ್ಟ್ರೀಯ ಉದ್ಯಾನ ಅಲ್ಲ, ಆದರೆ ಅಲ್ಲಿ ಸಿಂಗಳೀಕಗಳಿವೆ, ರಾಮಪತ್ರೆ ಜಡ್ಡಿಗಳಿವೆ, ಅಂದರೆ ರಾಮಪತ್ರೆ ಮರಗಳ ಜವುಗು ಕಾಡು. ಜವುಗು ನೆಲದಿಂದ ಬೇರುಗಳು ಮಡಚಿದ ಮೊಣಕಾಲಿನ ಹಾಗೆ ಮೇಲೆದ್ದಿರುತ್ತವೆ. ಜಡ್ಡಿಯೊಳಗೆ ಇಳಿಯಬೇಡಿ, ಅಂಚಿನಲ್ಲೇ ನಿಂತು ನೋಡಿ.

ಹೋಗೋಕೆ ನವೆಂಬರ್‌ನಿಂದ ಫೆಬ್ರುವರಿ ಒಳ್ಳೆಯ ಕಾಲ. ಜೋರು ಮಳೆಯಲ್ಲಿ ಅಣಶಿ ಘಟ್ಟದಲ್ಲಿ ಗುಡ್ಡ ಕುಸಿದು ರಸ್ತೆ ಬಂದ್ ಆಗುವುದುಂಟು, ಕಾಡಿನೊಳಗಿನ ದಾರಿಗಳನ್ನೂ ಮುಚ್ಚಿರಬಹುದು. ಕುಳಗಿ ಮತ್ತು ಅಣಶಿಯಲ್ಲಿ ಅರಣ್ಯ ಇಲಾಖೆಯ ಪ್ರಕೃತಿ ಶಿಬಿರಗಳಿವೆ. ಹೊರಡುವ ಮೊದಲು ವಿಚಾರಿಸಿ, ಸುಮ್ನೆ ಹೋಗಿ ಗೇಟಿನ ಮುಂದೆ ನಿಲ್ಲಬೇಡಿ. ಅಕ್ಟೋಬರ್‌ನಲ್ಲಿ ಹೋದರೆ ಉಂಬಳ ಜಾಸ್ತಿ. ಮಕ್ಕಳಿಗೆ ಉದ್ದ ಸಾಕ್ಸ್ ಹಾಕಿ, ಒಂದು ಪೊಟ್ಟಣ ಉಪ್ಪು ಜೇಬಿನಲ್ಲಿರಲಿ.