ಹುಳು ಮನೆಯೊಳಗೆ ನೆನಪಾಗದ ಬೀಡಿ

ಶಿಡ್ಲಘಟ್ಟದ ಕಡೆ ರೇಷ್ಮೆ ಹುಳು ಸಾಕುವವರಲ್ಲಿ ಒಂದು ಕಟ್ಟುನಿಟ್ಟುಂಟು: ಹುಳು ಮನೆಯೊಳಗೆ ಬೀಡಿ, ಸಿಗರೇಟು ಕೂಡದು. ಕಾರಣ ಸರಿಯಾದದ್ದೇ. ನಿಕೋಟಿನ್ ಅನ್ನುವುದು ತನ್ನನ್ನು ತಿನ್ನಲು ಬರುವ ಕೀಟಗಳ ವಿರುದ್ಧ ತಂಬಾಕು ಗಿಡ ತಯಾರಿಸಿಕೊಳ್ಳುವ ವಿಷ. ತಂಬಾಕಿನ ಹೊಲದ ಮಗ್ಗುಲಲ್ಲಿ ಬೆಳೆದ ಹಿಪ್ಪುನೇರಳೆ ಸೊಪ್ಪು ತಿಂದರೂ ರೇಷ್ಮೆ ಹುಳು ರಸ ಕಕ್ಕಿ ಒದ್ದಾಡುತ್ತದೆ.

ನಾಲ್ಕನೇ ಜ್ವರ (ಹುಳು ಮೇವು ಬಿಟ್ಟು ಪೊರೆ ಕಳಚುವ ಹಂತ) ಎದ್ದ ಮೇಲೆ ಹುಳುಗಳಿಗೆ ಬಕಾಸುರನ ಹಸಿವು. ಹಣ್ಣಾಗಿ ಗೂಡು ಕಟ್ಟಲು ಸಿದ್ಧವಾಗುವ ತನಕ ಸುಮಾರು ಒಂದು ವಾರ ಸೊಪ್ಪು ಹಾಕುವುದು, ಹಿಕ್ಕೆ ತೆಗೆಯುವುದು ಎಂದು ಗಂಟೆಗಟ್ಟಲೆ ಒಳಗೇ ಇರಬೇಕು. ದಿನಕ್ಕೊಂದು ಕಟ್ಟು ಬೀಡಿ ಸೇದುವವರೂ ಅಷ್ಟು ಹೊತ್ತು ತಣ್ಣಗೆ ಕೆಲಸ ಮಾಡುತ್ತಾರೆ. ಕೈ ತೊಳೆದು ಹೊಸ್ತಿಲು ದಾಟುವಷ್ಟರಲ್ಲಿ ಮಾತ್ರ ಒದ್ದೆ ಕೈ ಜೇಬಿಗೆ ಹೋಗಿರುತ್ತದೆ. “ಒಳಗಿದ್ದಾಗ ನೆನಪೇ ಆಗಲ್ಲ ಕಣಣ್ಣ, ಆಚೆ ಬಂದ್ರೆ ತಡ್ಕೊಳಕ್ಕಾಗಲ್ಲ” ಅನ್ನುತ್ತಾರೆ.

ಈ ಮಾತನ್ನು ಬೀಡಿ ಬಿಡಬೇಕೆಂದಿರುವವರು ಗಮನವಿಟ್ಟು ಕೇಳಬೇಕು. ರಕ್ತದಲ್ಲಿರುವ ನಿಕೋಟಿನ್ ಸುಮಾರು ಎರಡು ಗಂಟೆಯಲ್ಲಿ ಅರ್ಧಕ್ಕಿಳಿಯುತ್ತದೆ. ಚಪಲಕ್ಕೆ ಅದೊಂದೇ ಕಾರಣವಾಗಿದ್ದರೆ ಒಳಗಿದ್ದಷ್ಟೂ ಹೊತ್ತು ಅದು ಏರುತ್ತಲೇ ಹೋಗಬೇಕಿತ್ತು. ಇಸ್ರೇಲಿನ ಮನಶ್ಶಾಸ್ತ್ರಜ್ಞ ರೆಯುವೆನ್ ದಾರ್ ಮತ್ತು ಸಂಗಡಿಗರು ಇದನ್ನು ವಿಮಾನದಲ್ಲಿ ಕೆಲಸ ಮಾಡುವ ಪರಿಚಾರಕರಲ್ಲಿ ಪರೀಕ್ಷಿಸಿ, 2010ರಲ್ಲಿ ಫಲಿತಾಂಶ ಪ್ರಕಟಿಸಿದರು. ಎಲ್ಲರೂ ಧೂಮಪಾನಿಗಳು; ವಿಮಾನದಲ್ಲಿ ಸೇದುವಂತಿಲ್ಲ. ಒಂದು ಪ್ರಯಾಣ ಮೂರರಿಂದ ಐದೂವರೆ ಗಂಟೆಯದು, ಇನ್ನೊಂದು ಎಂಟರಿಂದ ಹದಿಮೂರು ಗಂಟೆಯದು. ಎರಡರಲ್ಲೂ ಚಪಲ ಜೋರಾಗಿದ್ದದ್ದು ವಿಮಾನ ಇಳಿಯುವ ಹೊತ್ತಿಗೆ. ಚಿಕ್ಕ ಪ್ರಯಾಣದಲ್ಲಿ ಇಳಿಯುವ ವೇಳೆಗೆ ಚಡಪಡಿಸುತ್ತಿದ್ದವರಲ್ಲಿ, ದೂರ ಪ್ರಯಾಣದಲ್ಲಿ ಅಷ್ಟೇ ಗಂಟೆ ಸೇದದೆ ಕಳೆದಾಗ ಆ ಒತ್ತಡ ಕಡಿಮೆಯಿತ್ತು. ಸಿಗುವ ಆಸೆ ಇರುವ ಕಡೆಯೇ ಮಿದುಳು ಹೆಚ್ಚು ಪೀಡಿಸುತ್ತದೆ.

ಹಾಗಾಗಿ “ನಿನಗೆ ಗಟ್ಟಿ ಮನಸ್ಸಿಲ್ಲ” ಎಂದು ಮನೆಯವರು ಬೈಯುವುದು ಅನ್ಯಾಯ. ಹುಳುವಿಗಾಗಿ ಗಂಟೆಗಟ್ಟಲೆ ತಡೆದುಕೊಳ್ಳುವ ಮನುಷ್ಯನಿಗೆ ಮನೋಬಲದ ಕೊರತೆಯೇ? ಅವನಿಗೆ ಬೇಕಿರುವುದು ಅಂಥದೇ ಸಂದೇಹವಿಲ್ಲದ ಗಡಿ, ಹೊಸ್ತಿಲಿನ ಈಚೆಗೂ. ಜೇಬಿನಲ್ಲಿ “ಇರಲಿ” ಎಂದು ಇಟ್ಟುಕೊಂಡ ಒಂದೇ ಒಂದು ಬೀಡಿ ದಿನವಿಡೀ ಆಸೆಯನ್ನು ಬೆಚ್ಚಗೆ ಇಟ್ಟಿರುತ್ತದೆ.

ದೇಹದ ಕಷ್ಟವೂ ಸುಳ್ಳಲ್ಲ. ಎಳೆದ ಹೊಗೆಯ ನಿಕೋಟಿನ್ 10ರಿಂದ 20 ಸೆಕೆಂಡಿನಲ್ಲಿ ಮಿದುಳು ಸೇರಿ ಡೋಪಮಿನ್ ಎಂಬ, ಹಿತ ಅನ್ನಿಸುವ ರಾಸಾಯನಿಕವನ್ನು ಹರಿಸುತ್ತದೆ. ವರ್ಷಗಟ್ಟಲೆ ಹೀಗಾದಾಗ ನಿಕೋಟಿನ್ ಅಂಟಿಕೊಳ್ಳುವ ಗ್ರಾಹಕಗಳು ಮಿದುಳಿನಲ್ಲಿ ಹೆಚ್ಚುತ್ತವೆ. ಬಿಟ್ಟಾಗ ಅವು ಖಾಲಿ ಬಿದ್ದು ಸಿಡುಕು, ತಳಮಳ, ನಿದ್ದೆಗೇಡು. ಮೊದಲ ಎರಡು ಮೂರು ದಿನ ಇದರ ಕಾಟ ವಿಪರೀತ. ಮೂರು ನಾಲ್ಕು ವಾರದಲ್ಲಿ ಬಹುಮಟ್ಟಿಗೆ ಇಳಿಯುತ್ತದೆ. ಗ್ರಾಹಕಗಳ ಸಂಖ್ಯೆ ಮಾಮೂಲಿಗೆ ಬರಲು ಎರಡು ಮೂರು ತಿಂಗಳು ಹಿಡಿಯಬಹುದು. ಒಂದೊಂದು ಚಪಲದ ಆಯುಸ್ಸು ಮಾತ್ರ ಕೆಲವೇ ನಿಮಿಷ. ಅಷ್ಟು ಹೊತ್ತು ಜಾಗ ಬಿಟ್ಟು ನಾಲ್ಕು ಹೆಜ್ಜೆ ನಡೆದು, ಒಂದು ಚೊಂಬು ನೀರು ಕುಡಿದು ಬಂದರೆ ಅದು ತಾನಾಗಿ ಇಳಿದಿರುತ್ತದೆ.

ಟೀ ಕಾಫಿ ಬಗ್ಗೆ ಒಂದು ಮಾತು ಹೇಳಲೇಬೇಕು, ಏಕೆಂದರೆ ಇದನ್ನು ಹೇಳುವವರು ಕಡಿಮೆ. ಹೊಗೆಯಲ್ಲಿರುವ ಕೆಲವು ರಾಸಾಯನಿಕಗಳು ಯಕೃತ್ತಿನ ಒಂದು ಕಿಣ್ವವನ್ನು ಚುರುಕು ಮಾಡಿರುತ್ತವೆ. ಅದರಿಂದ ಕೆಫೀನ್ ದೇಹದಿಂದ ಬೇಗ ಹೋಗುತ್ತಿರುತ್ತದೆ. ಸೇದುವುದನ್ನು ಬಿಟ್ಟ ಕೆಲವೇ ದಿನಗಳಲ್ಲಿ ಈ ಚುರುಕು ತಗ್ಗುತ್ತದೆ. ಆಗ ಕುಡಿಯುತ್ತಿದ್ದಷ್ಟೇ ಕಾಫಿ ದೇಹದಲ್ಲಿ ಹೆಚ್ಚು ಹೊತ್ತು ನಿಂತು ಎದೆಬಡಿತ, ನಿದ್ದೆಗೇಡು ತರುತ್ತದೆ. ಬೀಡಿ ಬಿಟ್ಟದ್ದಕ್ಕೇ ಹೀಗಾಯಿತು ಎಂದುಕೊಂಡು ಎಷ್ಟೋ ಮಂದಿ ಮತ್ತೆ ಹಚ್ಚುತ್ತಾರೆ. ಆ ವಾರಗಳಲ್ಲಿ ಕಾಫಿ, ಟೀ ಅರ್ಧಕ್ಕಿಳಿಸುವುದು ಒಳ್ಳೆಯದು.

ಮೆಡಿಕಲ್ ಸ್ಟೋರಿನಲ್ಲಿ 2 ಮಿಲಿಗ್ರಾಂನ ನಿಕೋಟಿನ್ ಗಮ್ ಚೀಟಿಯಿಲ್ಲದೆಯೇ ಸಿಗುತ್ತದೆ. ಎಲೆ ಅಡಿಕೆಯಂತೆ ಜಗಿಯುತ್ತಲೇ ಇರಬಾರದು. ನಿಧಾನ ಜಗಿದು, ಬಾಯಿ ಚುರುಗುಟ್ಟಿದಾಗ ದವಡೆಯ ಸಂದಿಗೆ ಒತ್ತಿಟ್ಟು, ಚುರುಗು ಇಳಿದ ಮೇಲೆ ಮತ್ತೆ ಜಗಿಯಬೇಕು. ಕಾಫಿಯ ಹುಳಿ ಅಂಶ ನಿಕೋಟಿನ್ ಹೀರಿಕೆಯನ್ನು ತಡೆಯುವುದರಿಂದ, ಗಮ್ ಜಗಿಯುವ ಹದಿನೈದು ನಿಮಿಷ ಮುಂಚೆ ಏನನ್ನೂ ಕುಡಿಯಬಾರದು. ಹೃದ್ರೋಗಿಗಳು, ಗರ್ಭಿಣಿಯರು ವೈದ್ಯರನ್ನು ಕೇಳಿಯೇ ತೆಗೆದುಕೊಳ್ಳಬೇಕು. ಸಿಗರೇಟಿಗಿಂತ ಬೀಡಿ ವಾಸಿ ಎಂಬ ನಂಬಿಕೆಯಿಂದ ಅದಕ್ಕೆ ಬದಲಾಯಿಸಿಕೊಳ್ಳುವವರಿದ್ದಾರೆ, ಅದು ಬೇಡವೇ ಬೇಡ. ಬೀಡಿ ಬೇಗ ಆರುತ್ತದೆ. ಆರದಿರಲು ಹೆಚ್ಚು ಸಲ, ಆಳವಾಗಿ ಎಳೆಯಬೇಕಾಗುತ್ತದೆ.

ಇನ್ನು ಜಾರುವ ಮಾತು. ನಾಲ್ಕು ತಿಂಗಳು ಬೀಡಿ ಮುಟ್ಟದವರು ರೇಷ್ಮೆ ಗೂಡಿನ ಮಾರುಕಟ್ಟೆಯಲ್ಲಿ ಹರಾಜು ಮುಗಿದು, ರೇಟು ಬಿದ್ದ ಬೇಜಾರಿನಲ್ಲಿ, ಪಕ್ಕದವರು ಚಾಚಿದ್ದನ್ನು ಇಸಿದುಕೊಂಡುಬಿಡುತ್ತಾರೆ. ನಿಕೋಟಿನ್ ದೇಹ ಬಿಟ್ಟು ಎಷ್ಟೋ ದಿನವಾಗಿದ್ದರೂ ಆ ಜಾಗ, ಆ ಬೇಜಾರು, ಬೆಂಕಿಕಡ್ಡಿಯ ವಾಸನೆ ಎಲ್ಲ ಮಿದುಳಿನಲ್ಲಿ ಒಂದಕ್ಕೊಂದು ಹೆಣೆದುಕೊಂಡೇ ಇರುತ್ತವೆ. ಅಮೆರಿಕದ ಮನಶ್ಶಾಸ್ತ್ರಜ್ಞ ಅಲನ್ ಮಾರ್ಲಟ್ 1980ರ ದಶಕದಲ್ಲಿ ತೋರಿಸಿಕೊಟ್ಟ ಹಾಗೆ, ಅಪಾಯ ಆ ಒಂದು ಬೀಡಿಯಲ್ಲಷ್ಟೇ ಇಲ್ಲ. “ವ್ರತ ಕೆಟ್ಟಿತು, ಇನ್ನೇನು” ಎಂದು ಎರಡನೆಯದಕ್ಕೆ ಕೈಹಾಕುವುದರಲ್ಲಿ ಇದೆ. ಬಿಟ್ಟಿದ್ದ ನಾಲ್ಕು ತಿಂಗಳ ಲಾಭವನ್ನು ಒಂದು ಬೀಡಿ ಅಳಿಸಿಹಾಕುವುದಿಲ್ಲ. 2016ರಲ್ಲಿ ಪ್ರಕಟವಾದ ಕೆನಡಾದ ಅಧ್ಯಯನವೊಂದರ ಅಂದಾಜಿನಲ್ಲಿ ಪೂರ್ತಿ ಬಿಡುವಷ್ಟರಲ್ಲಿ ಅನೇಕರಿಗೆ 30 ಅಥವಾ ಅದಕ್ಕೂ ಹೆಚ್ಚು ಪ್ರಯತ್ನ ಬೇಕಾಗಬಹುದು. ಹಾಗೆ ಜಾರಿದ ದಿನ ಕೇಳಿಕೊಳ್ಳಬೇಕಾದದ್ದು ಎಲ್ಲಿ, ಯಾರ ಜೊತೆ, ಯಾವ ಹೊತ್ತಿನಲ್ಲಿ ಎಂದು. ಮುಂದಿನ ಹರಾಜಿನ ದಿನ ಗೂಡು ತೂಗಿದ ಕೂಡಲೇ ಬಸ್ಸು ಹತ್ತುವುದೋ, ಸೇದದ ಗೆಳೆಯನನ್ನು ಜೊತೆಗೆ ಕರೆದೊಯ್ಯುವುದೋ, ಹಿಂದಿನ ಸಂಜೆಯೇ ತೀರ್ಮಾನವಾಗಿರಬೇಕು.

ಒಬ್ಬರೇ ಒದ್ದಾಡಬೇಕಿಲ್ಲ. ಬೀಡಿ, ಸಿಗರೇಟು ಪೊಟ್ಟಣಗಳ ಮೇಲೆ 2018ರಿಂದ ಅಚ್ಚಾಗುತ್ತಿರುವ 1800-11-2356 ಉಚಿತ ಸಹಾಯವಾಣಿ. ಬೆಂಗಳೂರಿನ ನಿಮ್ಹಾನ್ಸ್ ಮೂಲಕ ಕನ್ನಡದಲ್ಲೇ ಮಾತಾಡಬಹುದು, ಬಿಟ್ಟು ಮತ್ತೆ ಹಿಡಿದವರೂ ಕೂಡ.